ರಿಪೇರಿಗಷ್ಟೇ

"ಐವತ್ತು ವರ್ಷ ದಾಟ್ಯಾವೇನ್ರಿ?"
ಬೀದರ ಆರ್‌ಟಿಓದಾಗ ಮಾಣಿಕರಾವ್ ಕೇಳ್ದ.
ಮಾರಿಸ್ ಗಾಡಿಯ ಪುಸ್ತಕ ಮುಂದಿಟ್ಟೆ: ಉರ್ದು ಅಕ್ಷರ,
ಹೈದರಾಬಾದಿನ ಮೊಹರು,
ಗೆದ್ದಲು ತಿಂದು ಬಿಟ್ಟಷ್ಟು.

"ಎಲ್ಲಾ ಒರಿಜಿನಲ್ ಇರಬೇಕು."
ಖರೇ ಹೇಳ್ತೀನ್ರಿ, ಇಂಜಿನ್ ಅದರದೇ.
ಬಲಗಡಿ ಬಾಗಿಲು ಹುಮನಾಬಾದ್ ಗುಜರಿದು.
ಗೇರ್‌ಬಾಕ್ಸಿನಾಗ
ಲತೀಫ್ ಮಿಸ್ತ್ರಿಯ ಕಿರುಬೆರಳ ತುದಿ ಅದ.
ಅದಕ್ಕ ಯಾವ ಕಾಲಮ್ಮು?

ಇಪ್ಪತ್ತು ಸಾವಿರ ಕಟ್ಟಿದೆ.
"ದಿನಾ ಓಡಿಸೋಹಂಗಿಲ್ಲ. ಪ್ರದರ್ಶನಕ್ಕ,
ಪೆಟ್ರೋಲಿಗೆ, ರಿಪೇರಿಗೆ. ಅಷ್ಟೇ."

ಲತೀಫ್ ಗ್ಯಾರೇಜ್ ಮುಚ್ಚಿ ನಾಕು ವರ್ಷ.
ಕಣ್ಣು ಮಸುಕು.
ನೌಬಾದಿನ ಮನಿ ಮುಂದ ಹಾರ್ನ್ ಹೊಡದ್ರ ಸಾಕು,
ಗ್ವಾಡಿ ಹಿಡಕೊಂಡು ಬಂದು
ಬಾನೆಟ್ ತಡವ್ತಾನ:
"ಏನಾಗ್ಯದ?"

ಏನಿಲ್ಲ.
ಕಾನೂನು ಪ್ರಕಾರ,
ಪ್ರತಿ ಜುಮ್ಮಾ ನಮಾಜ್ ಆದ ಮ್ಯಾಲ
ಇದು ಕೆಡ್ತದ.