ಮೂರು ಮಿಲಿಮೀಟರಿನ ಉಂಗುರ

ಬೆಳಿಗ್ಗೆ ಏಳಕ್ಕೇ ಫೋರ್ತಲೇಜಾದ ಬಿಸಿಲು
ಉಪ್ಪುಪ್ಪು.
ಗಾಜಿನ ಕೊಳವೆಗಳಿಗೆ ನೀರು ಕಾಯಿಸುತ್ತೇನೆ,
ಮೂವತ್ತೇಳು ಡಿಗ್ರಿ,
ಇದೇ ದೇಹವೆಂದು ನಂಬಿಸುವಷ್ಟು.
ಚಿಟಿಕೆ ಉಪ್ಪು, ಚಿಟಿಕೆ ಸಕ್ಕರೆ,
ತಳದಿಂದ ಗುಳುಗುಳು ಏಳುವ ಗಾಳಿ.

ಅದರೊಳಗೆ ಎರಡು ಕೊಕ್ಕೆಗಳ ನಡುವೆ
ತೂಗುತ್ತದೆ ಉಂಗುರ.
ಇಂದು ನಸುಕಿನವರೆಗೂ ಒಂದು ಇಲಿಯ
ಎದೆಯಿಂದ ಹೊಟ್ಟೆಗೆ ಹರಿದ ಹೆದ್ದಾರಿ.
ಈಗ ಮೂರು ಮಿಲಿಮೀಟರು,
ಯಾವ ಬೆರಳಿಗೂ ಆಗದ್ದು.
ಇಲಿ ಸತ್ತಿದೆ.
ನಾಳಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ.

ಮೊದಲು ಅದನ್ನು ಹೆದರಿಸಬೇಕು,
ಸಂಬಳ ಅದಕ್ಕೇ.
ಒಂದು ಹನಿ ಔಷಧಿ ಬಿದ್ದದ್ದೇ
ಉಂಗುರ ಮುಷ್ಟಿ ಕಟ್ಟುತ್ತದೆ,
ಬಾಡಿಗೆಗೆ ಬರುವ ಅದಾವುತೊನ
ಚಪ್ಪಲಿ ಸದ್ದಿಗೆ
ಅಮ್ಮನ ಕತ್ತು ಸೆಟೆಯುವ ಹಾಗೆ.
ಪರದೆಯ ಗೆರೆ ಏರಿ ಏರಿ
ದಿಬ್ಬದ ನೆತ್ತಿಯಲ್ಲಿ ನಿಂತು ಕಾಯುತ್ತದೆ.

ಆಮೇಲೆ ಎಣ್ಣೆ.
ನಮ್ಮ ಹಿತ್ತಲಿನದೇ ಕೊಲೋನಿಯ,
ಶುಂಠಿಯ ದಾಯಾದಿ,
ಚಿಪ್ಪಿನಂಥ ಬಿಳಿ ಹೂವಿನದು.
ಎರಡು ಕಿಲೋ ಎಲೆ ಬೆಂದು ಬೆವರಿದರೆ
ಒಂದು ಚಮಚ ಸಿಕ್ಕಿತು.

ಮೊದಲಿಗೆ ಏನೂ ಇಲ್ಲ.
ಫ್ರಿಜ್ಜು ಗೊಣಗುತ್ತದೆ, ಕಾರಿಡಾರಿನಲ್ಲಿ ಯಾರೋ ಕೆಮ್ಮುತ್ತಾರೆ.
ಮತ್ತೆ ನೋಡುವಾಗ ಗೆರೆ
ಇಳಿಯುತ್ತಿದೆ,
ಮೀನು ಮಾರಿ ಬಂದವಳು ತಲೆಹೊರೆ ಇಳಿಸುವಂತೆ,
ಅರ್ಧಕ್ಕೆ ತಡೆದು, ಉಸಿರು ಬಿಟ್ಟು,
ಮತ್ತಷ್ಟು.

ಡಾಕ್ಟರ್ ಕಿತೇರಿಯ ಹೇಳಿದರು:
ಕ್ಯಾಲ್ಸಿಯಂ ನುಗ್ಗುವ ಬಾಗಿಲುಗಳಿವೆ ಸ್ನಾಯುವಿನ ಮೈಯಲ್ಲಿ,
ಎಣ್ಣೆ ಅವನ್ನು ಮುಂದಕ್ಕೆ ಮಾಡುತ್ತದೆ, ಬೀಗ ಹಾಕುವುದಿಲ್ಲ.
ಒಳಪದರ ಉಜ್ಜಿ ತೆಗೆದು ನೋಡು ಎಂದರು.
ತಂತಿಯಿಂದ ಉಜ್ಜಿದೆ.
ಪದರ ಹೋದರೂ ಸಡಿಲಿತು.
ಅವರು ಪೆನ್ನಿನ ತುದಿ ಕಚ್ಚಿ ನಕ್ಕರು.

ಆದರೆ ತೊಳೆಯುವುದು ಒಂದಿದೆ.
ಹೊಸ ನೀರು, ಮತ್ತೆ ಹೊಸ ನೀರು, ಮೂರು ಸಲ.
ಹೆದರಿಸುವ ಹನಿ ಬಿದ್ದರೆ
ಅದೇ ಮುಷ್ಟಿ, ಅದೇ ದಿಬ್ಬ.
ಏನೂ ಆಗಿರಲೇ ಇಲ್ಲವೆಂಬಂತೆ.

ಸಂಜೆ ಅಜ್ಜಿ, ದೋನ ಜುಲ್ಮೀರ,
ಎಣ್ಣೆ ಡಬ್ಬದಲ್ಲಿ ನೆಟ್ಟ ಗಿಡದಿಂದ
ಎಲೆ ಮುರಿಯುತ್ತಿದ್ದಳು ಅಮ್ಮನ ಬೀಪಿಗೆ.
‘ಏನು ಕಂಡೆ ಇವತ್ತು?’
‘ನೀನು ಹೇಳಿದ್ದೇ. ಸಡಿಲುತ್ತದೆ.’
‘ತೊಳೆದರೆ?’
‘ಮತ್ತೆ ಬಿಗಿ.’
‘ಅದಕ್ಕೇ ದಿನಾ ಕುಡಿಯೋದು, ಪೆದ್ದಿ.’
ಎಲೆಯ ನಾರು ಸೀಳಿದಳು, ಪರಿಮಳ ಅಡುಗೆಮನೆಗೆ ಬಂತು.
‘ಹಾಗಾದರೆ ಇಲಿಯನ್ನು ಯಾಕೆ ಕೊಂದಿರಿ?’

ನೀರು ಕುದಿಯುತ್ತಿತ್ತು.
ಅಜ್ಜಿಯ ಮಾತಿಗೆ ಸಹಿ ಇಲ್ಲ, ಸಂಖ್ಯೆ ಇಲ್ಲ,
ಎಷ್ಟು ಎಲೆಗೆ ಎಷ್ಟು ನೀರೆಂಬ ಲೆಕ್ಕವಿಲ್ಲ
ಎಂದೆಲ್ಲ ಹೇಳಬಹುದಿತ್ತು, ನಿಜವೂ ಹೌದು.
ಲೋಟ ನನ್ನ ಕಡೆ ತಳ್ಳಿದಳು.
ಕಹಿ, ಸ್ವಲ್ಪ ಕರ್ಪೂರ.
ಹೊರಗೆ ಚಪ್ಪಲಿ ಸದ್ದು.
ಅಮ್ಮ ಕತ್ತು ಎತ್ತಿದಳು.

ನಾಳೆಗೆ ಆರು ಉಂಗುರ ಬೇಕು.