ಒಸಿ ಜಾಸ್ತಿ

ರಾತ್ರಿ ಪಾಳಿ. ಮಂಡ್ಯದ ಅಂಚಿನ ವೇಬ್ರಿಡ್ಜು.
ಗಾಜಿನ ಗೂಡಿನೊಳಗೆ ನಾನು,
ನನ್ನ ತೊಡೆಯ ಮೇಲೆ ಹನ್ನೊಂದಿಂಚಿನ ಲ್ಯಾಪ್‌ಟಾಪು.
ಬಿಲ್ಲು ಹೊಡೆಯಲೂ ಲಾಯಕ್ಕಿಲ್ಲ ಅಂತ
ಸಾವ್ಕಾರ್ರು ತೂಕಕ್ಕೆ ಹಾಕಲು ಹೊರಟಿದ್ದನ್ನು
ಏಳುನೂರಕ್ಕೆ ನಾನೇ ಉಳಿಸಿಕೊಂಡದ್ದು.
ಎಂಟರ್ ಕೀಲಿ ಉದುರಿದೆ. ಆ ಜಾಗಕ್ಕೊಂದು
ಹುಣಸೆಬೀಜ ಅಂಟಿಸಿದ್ದೇನೆ.

ಅದರೊಳಗೆ ನನ್ನದೊಂದು ಲಾರಿ ಇದೆ,
ಹದಿನೆಂಟು ಚಕ್ರದ್ದು, ಹಿಮದ ದೇಶದ್ದು.
ಆದರೆ ಸೆಕೆಂಡಿಗೆ ಹದಿನಾಲ್ಕೇ ಚಿತ್ರ;
ತಿರುವು ಬರುವುದು
ನಾನು ಕಂದಕಕ್ಕೆ ಬಿದ್ದ ಮೇಲೆ.

ಹೊರಗೆ ಸಾಲು. ಕಬ್ಬಿನ ಟ್ರ್ಯಾಕ್ಟರುಗಳು,
ಒಂದೊಂದರ ಹಿಂದೆ ಎರಡೆರಡು ಟ್ರೈಲರು.
ಹೊರೆ ಹಿಂದಕ್ಕೆ ಜಗ್ಗಿ, ಮುಂದಿನ ಗಾಲಿ ನೆಲ ಬಿಟ್ಟು
ಗೇಣುದ್ದ ಗಾಳಿಯಲ್ಲಿ ಆಡುತ್ತಿದ್ದರೂ
ಇಳಿದು ಬರುವ ಪ್ರತಿ ಡ್ರೈವರೂ ಹೇಳುವುದು
"ಒಸಿ ಜಾಸ್ತಿ, ಅಷ್ಟೆ."

ಆ ಒಸಿ ನನಗೂ ಹತ್ತಿತು.

ಪ್ರೊಸೆಸರಿನ ಎದೆಯೊಳಗೊಂದು ಗಡಿಯಾರ,
ಅದಕ್ಕೆ ಕಂಪನಿಯವರು ಹಾಕಿದ ಮೂಗುದಾರ.
ಸಡಿಲಿಸಿದೆ. ಸಾವಿರದಾರುನೂರು ಇದ್ದದ್ದು
ಸಾವಿರದೇಳುನೂರು, ಎಂಟುನೂರು...
ಪ್ರತಿ ಮೆಟ್ಟಿಲಿಗೂ ಒಂದು ನೀಲಿ ಪರದೆ,
ಪ್ರತಿ ನೀಲಿಗೂ ಒಂದು ಬೈಗುಳ, ಮತ್ತೆ ಮೊದಲಿಂದ.
ಮಿಣ್ಣಗೆ ಒಸಿ ವೋಲ್ಟೇಜು ಉಣಿಸಿದೆ,
ಹಾಲು ಹಿಡಿಯದ ಕರುವಿಗೆ ಬೆರಳು ಚೀಪಿಸಿದಂತೆ.

ತೊಡೆ ಕೆಂಪಾಯಿತು.
ಫ್ಯಾನು ಕಡಜದ ಹಾಗೆ ಕಿವಿಗೇ ಬಂತು.
ಮಾಗಿಯ ಚಳಿಗೆ ಕಿಟಕಿ ತೆರೆದಿಟ್ಟೆ:
ನನಗೆ ನಡುಕ, ಅದಕ್ಕೆ ಹಿತ.
ಆದರೂ ಸಾಲಲಿಲ್ಲ. ಮನೆಗೆ ಒಯ್ದು ಬಿಚ್ಚಿದೆ.
ಚಿಪ್ಪಿಗೂ ತಂಪಿನ ತಗಡಿಗೂ ನಡುವೆ ಸಣ್ಣ ಸಂದು.
ತಾಮ್ರ ಬೇಕು.

ಅಜ್ಜಿ ಎಲೆಯಡಿಕೆ ಚೀಲ ಸುರುವಿ
ಮೊದಲು ಕೊಟ್ಟದ್ದು ತೂತಿನ ಕಾಸು.
"ತೂತಿಂದು ಆಗಕಿಲ್ಲ ಕಣಜ್ಜಿ, ಬಿಸಿ ಅಲ್ಲೇ ನಿಂತ್ಕತದೆ."
"ಅಂಗಾರೆ ಇದ ತಕ್ಕ."
ಸವೆದು ಸವೆದು ಮುಖವೇ ಇಲ್ಲದ ಕಾಲಾಣೆ.
"ಏನ್ಲಾ ಕಾಯ್ಲೆ ಅದ್ಕೆ?"
"ಜ್ವರ."
ಹಣೆ ಮುಟ್ಟಿ ನೋಡುವಂತೆ
ಅದರ ಬೆನ್ನು ಸವರಿದಳು.

ಬಟ್ಟೆ ಒಗೆಯುವ ಕಲ್ಲಿಗೆ ಕಾಸು ಉಜ್ಜಿ, ತೆಳ್ಳಗೆ ಮಾಡಿ,
ಎರಡೂ ಮಗ್ಗುಲಿಗೆ ಪೇಸ್ಟು ಬಳಿದು ಕೂರಿಸಿದೆ.

ಆ ರಾತ್ರಿ ಇಪ್ಪತ್ತಮೂರು.
ಇಪ್ಪತ್ತಮೂರು ಚಿತ್ರ! ಹಿಮ ನೂಲಿನಂತೆ ಇಳಿಯಿತು,
ತಿರುವು ತಿರುವಿನ ಜಾಗದಲ್ಲೇ ಬಂತು.
ಸರದಿಗೆ ಕಾದಿದ್ದ ಮಕ್ಬೂಲ್ ಗಾಜಿಗೆ ಮೂಗೊತ್ತಿ ನೋಡಿ
ಒಳಗೇ ಬಂದ. ಇಪ್ಪತ್ತು ವರ್ಷ ಕಬ್ಬು ಹೊಡೆದ ಕೈ;
ಕೀಲಿಮಣೆಯ ಮೇಲೆ ಎರಡೇ ಬೆರಳು.
"ಇಳಿಜಾರಲ್ಲಿ ಯಾರಾದ್ರೂ ಗೇರ್ ಬಿಡ್ತಾರೇನಪ್ಪ" ಅಂತ ಬೈದು
ಬೆಟ್ಟ ಇಳಿಸುತ್ತಿದ್ದ ಅರ್ಧದಲ್ಲಿ
ತೊಂಬತ್ತಾರು, ತೊಂಬತ್ತೆಂಟು, ನೂರು
ಪರದೆ ಕಣ್ಣು ಮುಚ್ಚಿತು.

ಗೂಡಿನ ತುಂಬ ಸುಟ್ಟ ವಾಸನೆ.
ಆಲೆಮನೆಯದೋ ನನ್ನದೋ ತಿಳಿಯಲಿಲ್ಲ.
ಎಷ್ಟೋ ಹೊತ್ತು ಅವನು ಬೆರಳೆತ್ತಲಿಲ್ಲ.
"ನಾನೇನಾದ್ರೂ ಮುರಿದ್ನಾ?"
"ಇಲ್ಲ. ಒಸಿ ಜಾಸ್ತಿ ಆಯ್ತು."
ಆ ಮಾತು ನನ್ನ ಬಾಯಲ್ಲಿ ಕೇಳಿ
ಅವನಿಗೆ ನಗು ತಡೆಯಲಿಲ್ಲ.

ಆರಿದ ಮೇಲೆ ಎದ್ದಿತು. ಎರಡು ಮೆಟ್ಟಿಲು ಇಳಿಸಿದೆ.
ಈಗ ಹತ್ತೊಂಬತ್ತು. ಬೆಳಗಿನವರೆಗೂ ಅಲ್ಲೇ ನಿಂತಿತ್ತು.

ಗೇಟಿನಾಚೆ ಹಾರನ್ನು.
ಮಕ್ಬೂಲ್ ಟ್ರ್ಯಾಕ್ಟರನ್ನು ತಟ್ಟೆಗೆ ಹತ್ತಿಸಿದ;
ಕೆಂಪಂಕಿ ಹಿಂದೆ ಮುಂದೆ ಆಡಿ ಆಡಿ ನಿಂತಿತು.
ಎಷ್ಟು ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.
ಚೀಟಿ ಇಸಕೊಂಡವನು ಮತ್ತೆ ಕಿಟಕಿಗೆ ಬಗ್ಗಿ:
"ಆ ಬಿಳೀ ಊರಲ್ಲಿ, ಅಷ್ಟು ದೊಡ್ಡ ಲಾರೀಲಿ
ಏನಪ್ಪ ತುಂಬ್ಕೊಂಡು ಹೋಯ್ತಿದ್ದೊ ನಾವು?"

ನಾನು ಯಾವತ್ತೂ ನೋಡಿರಲಿಲ್ಲ.