ಕೇಳಿಸಿಕೊಳ್ಳುವ ಖರ್ಚು

ಭಟ್ಟಿಯ ಹೊಗೆ ಅಂಗಿಗೆ ಮೆತ್ತಿಕೊಂಡೇ
ಬಂದ ದಾದಾಪೀರ್, ಮೆಟ್ಟಿಲ ಕೆಳಗಿನ ನನ್ನ ಅಂಗಡಿಗೆ.
ಮಂಡಕ್ಕಿ ಚೀಲದಿಂದ ತೆಗೆದಿಟ್ಟದ್ದು
ಡೋಲು ಹೊಡೆಯುವ ಕರಡಿ.
ಹೊಟ್ಟೆಯೊಳಗೆ ಎರಡು ಪೆನ್ಸಿಲ್ ಸೆಲ್ಲು,
ಬೆನ್ನ ಮೇಲೆ ಸಾಸಿವೆಯಷ್ಟು ಸ್ವಿಚ್ಚು.

'ಕೆಟ್ಟಿಲ್ಲಪ್ಪ ಇದು' ಅಂದೆ.
'ಗೊತ್ತು ಬಕ್ಕೇಶಣ್ಣ.
ಆಸ್ಮಾಗೆ ಆ ಸ್ವಿಚ್ಚು ಸಿಗಲ್ಲ, ಅಷ್ಟೆ.'

ಆಸ್ಮಾಗೆ ಒಂಬತ್ತು. ಕೈಗಳು
ಅವಳ ಮಾತು ಕೇಳುವುದಿಲ್ಲ, ಕತ್ತೂ ಅಷ್ಟಕ್ಕಷ್ಟೆ.
ಎಡಗಾಲ ಹಿಮ್ಮಡಿ ಮಾತ್ರ
ಹೇಳಿದ್ದನ್ನು ಹೇಳಿದಂತೆ ಮಾಡುತ್ತದೆ.
ಆಸ್ಪತ್ರೆಯವರು ಫೋಟೋದಲ್ಲಿ ತೋರಿಸಿದ ಬಟನ್ನಿಗೆ
ದಾದಾಪೀರನ ಎರಡು ತಿಂಗಳ ಬೆವರು ಬೇಕು,
ಅದೂ ಮನೆಮಂದಿ ಊಟ ಬಿಟ್ಟರೆ.

ನನಗೆ ಬಂದದ್ದು ಇಷ್ಟು:
ತಗಡು, ರಟ್ಟು, ತಗಡು,
ಮೂರೂ ಸೇರಿ ವೀಳ್ಯದೆಲೆಯಷ್ಟು ತೆಳು.
ಸೆಲ್ಲುಗಳ ನಡುವೆ ತೂರಿಸಿದರೆ
ಕರಡಿಯ ಮೈಗೊಂದು ಗಾಯವಿಲ್ಲದೆ
ದಾರಿ ಕಡಿಯುತ್ತದೆ.
ಕಡಿದ ದಾರಿಗೊಂದು ರಿಲೇ, ರಿಲೇಗೊಂದು ಕಿವಿ:
ಪಿ.ಬಿ. ರಸ್ತೆಯ ಫುಟ್‌ಪಾತಿನ
ನೂರಿಪ್ಪತ್ತು ರೂಪಾಯಿಯ ಕರೆಗಂಟೆ ಬಿಚ್ಚಿ ತೆಗೆದದ್ದು.
ಅದರ ರಿಮೋಟಿಗೆ ಹೊಸ ಮೈ,
ಎಣ್ಣೆ ಡಬ್ಬಿಯ ಮುಚ್ಚಳ, ಒಳಗೆ
ಸವೆದ ಹವಾಯಿ ಚಪ್ಪಲಿಯ ಮೆತ್ತೆ.
ನಡುವೆ ತಂತಿಯಿಲ್ಲ. ಹಾಸಿಗೆಯಲ್ಲಿ ಹೊರಳಿದರೆ
ಕುತ್ತಿಗೆಗೆ ಸುತ್ತಿಕೊಳ್ಳುವಂಥದ್ದೇನೂ ಇಲ್ಲ.

ಮೊದಲ ಸಲ ಹಿಮ್ಮಡಿ ಒತ್ತಿದಾಗ
ಕರಡಿ ಢಂ ಅಂತು.
ಆಸ್ಮಾ ಕರಡಿಯನ್ನು ನೋಡಲಿಲ್ಲ,
ತನ್ನ ಕಾಲನ್ನು ನೋಡಿದಳು.

ಮೂರನೇ ದಿನ ಹಿಂದಿನ ಗಲ್ಲಿಯ ಹಾಲಮ್ಮ:
'ಬೆಲ್ ಆಗ್ತೈತಿ, ಬಾಗ್ಲು ತೆಗದ್ರೆ ಯಾರೂ ಇಲ್ಲ.
ನಿನ್ನೆ ಹನ್ನೊಂದು ಸಲ!
ನಿಂಬೆಹಣ್ಣು ಕಟ್ಟಿಸ್ಲೋ, ಇಲ್ಲ ನೀನೇ ನೋಡ್ತೀಯೋ?'
ಅವಳು ಮುಗಿಸುವ ಮೊದಲೇ ತಿಳಿಯಿತು:
ಅದೇ ಫುಟ್‌ಪಾತು, ಅದೇ ಡಬ್ಬಿ.
ಅಗ್ಗದ ಮಾಲಿಗೆಲ್ಲ ಒಂದೇ ಹೆಸರಿಟ್ಟು ಕಳಿಸಿದ್ದಾರೆ;
ಒಬ್ಬರನ್ನು ಕರೆದರೆ
ಆ ಹೆಸರಿನವರೆಲ್ಲ ಎದ್ದು ಬರುತ್ತಾರೆ.

ಚಿಪ್ಪಿನ ಪಕ್ಕ ಎಂಟು ಬೆಸುಗೆಯ ಚುಕ್ಕಿ,
ಒಂದನ್ನು ಕೂಡಿಸಿದರೆ ಹೆಸರು ಬೇರೆ. ಎರಡು ನಿಮಿಷ.
ಬೆಸುಗೆ ಕಡ್ಡಿ ಹಿಡಿದು ನಾನು ಹೊರಟರೆ
ಹಿಂದೆಯೇ ಹಾಲಮ್ಮ, ಜಗಳಕ್ಕೆ ಸೆರಗು ಸಿಕ್ಕಿಸಿ.
ಕಂಡಳು: ಹಿಮ್ಮಡಿ, ಮುಚ್ಚಳ, ಕರಡಿ.
ಸೆರಗು ಬಿಚ್ಚಿದಳು. ಎಷ್ಟೋ ಹೊತ್ತಿನ ಮೇಲೆ,
'ಮುಚ್ಚಳ ಎರಡು ಮಾಡಾಕೆ ಬರ್ತೈತೇನಪ್ಪ?
ಒಂದು ಕರಡಿಗೆ,' ಅಂದಳು, 'ಒಂದು ನನಗೆ.'

ಮಳೆಗಾಲ ಕಳೆದು ಮತ್ತೆ ದಾದಾಪೀರ್:
'ಅಣ್ಣ, ಜ್ವರ ಅಂತ ಎರಡು ವಾರ ಆಡೇ ಇಲ್ಲ ಮಗು.
ಡೋಲು ಹೊಡೀದೇ ಸೆಲ್ಲು ಹೆಂಗೆ ಸತ್ತವು?'

ಏನು ಹೇಳಲಿ?
ಕರಡಿ ಮಲಗಿದೆ, ನಿಜ. ಕಿವಿ ಮಲಗಿಲ್ಲ.
ಯಾವಾಗ ಒತ್ತುತ್ತಾಳೋ ಅಂತ
ಹಗಲೂ ರಾತ್ರಿ ಎದ್ದು ಕೂತಿದೆ,
ಹಾದುಹೋಗುವ ಎಲ್ಲ ಸದ್ದನ್ನೂ ಸೋಸಿ
ಇದಲ್ಲ, ಇದಲ್ಲ, ಇದಲ್ಲ ಅನ್ನುತ್ತ.
ಬರೀ ಕೇಳಿಸಿಕೊಳ್ಳುವುದಕ್ಕೂ ಖರ್ಚಿದೆ ದಾದಾಪೀರ್,
ಹನಿ ಹನಿಯಾಗಿ ಅದೂ ಜೀವವನ್ನೇ ಕುಡಿಯುತ್ತದೆ.
ಅವನು ನಕ್ಕ: 'ನಮ್ಮ ಮನೆಯೋಳಿಗೆ
ಇದನ್ನು ಹೇಳಬೇಕಿಲ್ಲ ಬಿಡಣ್ಣ.'

ಹಳೇ ಮೊಬೈಲಿನ ಬ್ಯಾಟರಿ ಕೂರಿಸಿಕೊಟ್ಟೆ.
ವಾರಕ್ಕೊಮ್ಮೆ ಚಾರ್ಜು.
ಮಜೂರಿ: ಎರಡು ಸೇರು ಮಂಡಕ್ಕಿ, ಇನ್ನೂ ಬೆಚ್ಚಗಿತ್ತು.

ಹಾಲಮ್ಮನ ಗಂಟೆ ಗೋಡೆಯ ಪ್ಲಗ್ಗಿನದು.
ಕರೆಂಟು ಹೋದರೆ ಅದಕ್ಕೆ ಕಿವಿಯಿಲ್ಲ.
ಆಗೆಲ್ಲ ಅವಳೇ ಟಾರ್ಚು ಹಿಡಿದು ಗಲ್ಲಿ ದಾಟುತ್ತಾಳೆ,
ಬಾಗಿಲಲ್ಲಿ ನಿಂತು ಕೇಳುತ್ತಾಳೆ:
'ಏನವ್ವ, ಕರೆದ್ಯಾ?'